ಹೊರಗುಳಿದ ಚುಕ್ಕಿ

ಪರದೆಯ ಮೇಲೆ ವಿಜಯಪುರ ಬಿಸಿಲಿಲ್ಲದೆ ಮಲಗಿದೆ.
ರಿಂಗ್ ರೋಡಿನ ಆಚೆ ಕೆಂಪು, ಸ್ಟೇಶನ್ ರಸ್ತೆಗುಂಟ ಕಿತ್ತಳೆ,
ಗುಮ್ಮಟ, ಗೋರಿ, ಹೆಸರಿಲ್ಲದ ಕಮಾನುಗಳ ಸುತ್ತ
ನಾನೇ ಎಳೆದ ನೂರು ಮೀಟರಿನ ವರ್ತುಲಗಳು
ಒಂದರ ಮೇಲೊಂದು, ಹನಿ ಬಿದ್ದ ಹೊಂಡದ ಹಾಗೆ.
ಒಳಗಿನ ಮನೆಗಳೆಲ್ಲ ನೀಲಿ. ಅಂದರೆ ಅಗ್ಗ.
ಅಲ್ಲಿ ಹೊಸ ಇಟ್ಟಿಗೆ ಇಡುವಂತಿಲ್ಲ,
ಸೂರು ಸೋರಿದರೂ ಅರ್ಜಿ ಬರೆಯಬೇಕು.

ಬಸ್ ಸ್ಟ್ಯಾಂಡಿಗೆ ಎಷ್ಟು, ಶಾಲೆಗೆ ಎಷ್ಟು, ಡಾಂಬರಿಗೆ ಎಷ್ಟು,
ಎರಡು ಸಾವಿರದ ಹನ್ನೊಂದು ಕ್ರಯಪತ್ರ,
ಎಲ್ಲ ಹಾಕಿ ಅರೆದೆ. ಸೂತ್ರ ಕೂತಿತು,
ಒಂದು ಚುಕ್ಕಿ ಬಿಟ್ಟು.

ನೀಲಿಯ ನಟ್ಟನಡುವೆ, ಗೋರಿಯ ಬೆನ್ನಿಗೆ ಆತುಕೊಂಡ
ಹದಿನೈದು ಬೈ ಇಪ್ಪತ್ತರ ತಗಡಿನ ಮನೆ
ಸುತ್ತಲಿನ ದರದ ಮೂರು ಪಟ್ಟಿಗೆ ಹೋಗಿತ್ತು.
"ಟೈಪಿಂಗ್ ಮಿಸ್ಟೇಕು. ಅಳಿಸಿ ಒಗಿ" ಅಂದರು ಮಸಬಿನಾಳ ಸರ್.

ಅಳಿಸುವ ಮೊದಲು ಸ್ಕೂಟಿ ಹತ್ತಿದೆ.

ಕೊಂಡವ ಲಾಯಪ್ಪ, ತಕ್ಕಡಿ ರಿಪೇರಿ ಮಾಡುವವ.
ಇರಲಿಲ್ಲ. ಇದ್ದದ್ದು ಅವನ ಅಕ್ಕ ಬೋರಮ್ಮ,
ಕಟ್ಟೆಯ ಮೇಲೆ, ಶೇಂಗಾ ಒಡೆಯುತ್ತ,
ಮುಖ ನನ್ನ ಕಡೆಗಲ್ಲ, ನನ್ನ ಚಪ್ಪಲಿ ಸಪ್ಪಳದ ಕಡೆಗೆ.

"ಮೂವತ್ತ ವರ್ಸ ಬಾಡಿಗಿಗಿ ಇದ್ವಿ, ಇದ ಮನ್ಯಾಗ.
ನಳಕ್ಕ ಹದಿನೆಂಟ ಹೆಜ್ಜಿ. ಗಿರಣಿಗಿ ನಲವತ್ತೊಂದು,
ನಡುವ ಒಂದ ಗಟಾರ, ಕಾಲ ಎತ್ತಿಡಬೇಕು.
ದುರ್ಗವ್ವನ ಗುಡಿಗಿ, ಗಂಟಿ ಹಗ್ಗ ಕೈಗಿ ಸಿಗೂತನ, ಎಂಬತ್ತೇಳು.
ಇಲ್ಲಿ ನನಗ ಕಣ್ಣ ಅದಾವ ನೋಡವ್ವಾ.
ಬ್ಯಾರೆ ಓಣಿಗಿ ಒಯ್ದ್ರ ಕುರುಡಿ ಆಗ್ತೀನಿ."

ಮಾರುವವನಿಗೂ ಅದು ಗೊತ್ತಿತ್ತು.
ಒಂದೊಂದು ಹೆಜ್ಜೆಗೂ ರೇಟು ಹಚ್ಚಿದ್ದ.
ಊರ ತಕ್ಕಡಿಗಳ ಮುಳ್ಳು ನೆಟ್ಟಗೆ ಮಾಡುವ ಲಾಯಪ್ಪ
ಚೌಕಾಸಿ ಮಾಡಿರಲಿಲ್ಲ.

ಒಂದು ಮುಷ್ಟಿ ಶೇಂಗಾ ಕೈಗೆ ಹಾಕಿ ಕೇಳಿದಳು:
"ಗಾಡಿ ಎಲ್ಲಿ ಹಚ್ಚೀದಿ?"
ಬೇವಿನ ಗಿಡದ ಕೆಳಗೆ, ಅಂದೆ.
"ಹಂಗಾರ ಇಪ್ಪತ್ತಾರು. ನಿನ್ನ ಹೆಜ್ಜಿ ಸಣ್ಣೂ,
ಸಪ್ಪಳದಾಗ ತಿಳೀತು. ಮೂವತ್ತ ಹಿಡಿ."

ಎಣಿಸಿದೆ. ಮೂವತ್ತೊಂದು.

ಚುಕ್ಕಿ ಅಳಿಸಲಿಲ್ಲ. ನನ್ನ ಸೂತ್ರದ ನಿಖರತೆ
ಎರಡು ಪೈಸೆ ಇಳಿಯಿತು. ಸರ್ ಬೈದರು.
ಕಾರಣದ ಕಾಲಮ್ಮು ಇನ್ನೂ ಖಾಲಿ.
ಗಿರಣಿಯ ದಾರಿಯ ಆ ಗಟಾರ ಎಲ್ಲಿದೆಯೆಂದು ಮಾತ್ರ
ನಕ್ಷೆಯಲ್ಲಿ ಗುರುತು ಹಾಕಿದೆ.