ಮಾಡಿನ ಸಂಕ

ಹೊಸನಗರದ ಕಚೇರಿಯಲ್ಲಿ ಕೊಟ್ಟ ಪಟ್ಟಿಯ ಪ್ರಕಾರ
ನೂರಾ ಹದಿನೇಳು ಕಾಲುಸಂಕ.
ಎರಡು ತಿಂಗಳಿಂದ ಅಳೆಯುತ್ತಿದ್ದೇನೆ.
ಟೇಪು, ಛತ್ರಿ, ಇಂಬಳಕ್ಕೆಂದು ಸುಣ್ಣದ ಡಬ್ಬಿ.

ಹೆಚ್ಚಿನವಕ್ಕೆ ಸಂಕ ಎನ್ನುವುದೇ ದೊಡ್ಡ ಮಾತು.
ಎರಡು ಬಗನಿ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು,
ಕಟ್ಟಿದ ಬಳ್ಳಿ ಹೋದ ವರ್ಷದ್ದು.
ಅಗಲ: ಒಂದೂವರೆ ಪಾದ.
ಸ್ಥಿತಿ: ಶಿಥಿಲ.
ಶಿಥಿಲ, ಶಿಥಿಲ ಎಂದು ಬರೆದೂ ಬರೆದೂ
ನನ್ನ ಅಕ್ಷರದ ಗುಡಿಸುಗಳೇ ವಾಲಿಕೊಂಡಿವೆ.

ನೀರ್ಕೋಡಿನದು ತೊಂಬತ್ತೊಂದನೆಯದು.
ತಿರುವಿನಲ್ಲಿ ನಿಂತು ನೋಡಿದರೆ
ಯಾರೋ ಹಳ್ಳದ ಮೇಲೆ ಉದ್ದದ ಕೊಟ್ಟಿಗೆ ಕಟ್ಟಿ
ಎರಡೂ ಬಾಗಿಲು ತೆರೆದಿಟ್ಟು
ದನ ತರಲು ಹೋಗಿ ಮರೆತ ಹಾಗೆ.
ಭೋಗಿಯ ತೊಲೆ, ಮತ್ತಿಯ ಹಲಗೆ,
ಮೇಲೆ ಹಂಚಿನ ಮಾಡು.
ಫಾರಮ್ಮಿನ ಎರಡೂ ಮಗ್ಗುಲು ಹುಡುಕಿದೆ.
ಮಾಡಿಗೆ ಕಾಲಂ ಇರಲಿಲ್ಲ.

ಒಳಹೊಗುವಾಗ ಛತ್ರಿ ಮಡಚಲೇಬೇಕು,
ಅಷ್ಟು ತಗ್ಗು, ಅಷ್ಟು ಇಕ್ಕಟ್ಟು.
ಹೊಳೆಯ ಸದ್ದು ಕಾಲಡಿಯಿಂದಲ್ಲ,
ಮಾಡಿಗೆ ತಾಗಿ ನೆತ್ತಿಯ ಮೇಲಿಂದ ಬೀಳುತ್ತದೆ.

“ಜನ ನೆನೀಬಾರ್ದು ಅಂತ ಕಟ್ಟಿದ್ದಾ?”
ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಕೆರಿಯಪ್ಪ ನಕ್ಕರು.
“ಜನ ನೆಂದ್ರೆ ಒಣಗ್ತಾರೆ ಮೇಡಂ.
ತೊಲೆ ನೆಂದ್ರೆ ಮುಗೀತು.
ವಾಸಾಚಾರ್ರು ಆಗ್ಲೇ ಹೇಳಿದ್ರಂತೆ, ಮಾಡು ಮರಕ್ಕೆ.
ನಾವೆಲ್ಲ ಅದರಡಿ ಸುಮ್ನೆ ತೂರ್ಕಂಡವರು.”

ಆಚೆ ದಡದ ಹನ್ನೊಂದು ಮನೆಯವರು
ತಮ್ಮ ತಮ್ಮ ಸೂರಿನಿಂದ ಇಳಿಸಿ ಕೊಟ್ಟ ಹಂಚು.
ಆನೆ ಗುರುತಿನವು, ಗುರುತೇ ಇಲ್ಲದವು,
ಯಾವುದು ಜಾರಿ ಬಿದ್ದರೂ ಯಾರ ಮನೆಯದೆಂದು
ಮಕ್ಕಳೂ ಹೇಳುತ್ತವೆ.
ಗಾಜಿನ ಹಂಚು ಒಂದೇ, ಹಾಲಮ್ಮನದು.
ಅದರ ಬೆಳಕು ಹಲಗೆಗೆ ಬೀಳುವ ಜಾಗದಲ್ಲಿ
ಮಂಡಿನೋವಿನ ಪೋಸ್ಟಿನ ಶೀನಪ್ಪಯ್ಯ
ಆಚೆಯ ಏರು ಹತ್ತಲಾರದೆ
ಕಾಗದ ಇಟ್ಟು ಕಲ್ಲು ಹೇರಿ ಹೋಗುತ್ತಿದ್ದರಂತೆ.
ಮದುವೆಯದಕ್ಕೂ, ಸಾವಿನದಕ್ಕೂ,
ಸೊಸೈಟಿಯ ನೋಟೀಸಿಗೂ ಅದೇ ಕಲ್ಲು.
ಕಲ್ಲು ಇನ್ನೂ ಇದೆ. ಎತ್ತಿ ನೋಡಿದೆ,
ಯಾಕೆಂದು ಕೇಳಬೇಡಿ.

ತೊಲೆಗೆ ಚೂರಿ ಚುಚ್ಚಿದೆ. ಟಣ್ಣೆಂದಿತು.
ಸ್ಥಿತಿ: ಉತ್ತಮ, ಎಂದು ಬರೆದೆ,
ತೊಂಬತ್ತೊಂದರಲ್ಲಿ ಮೊದಲ ಸಲ.

ಹುಲ್ಲಿನ ಹೊರೆ ಇಳಿಸಿ ಹಾಲಮ್ಮ ಕೇಳಿದಳು:
“ಎಂತ ಬರೆದ್ರಿ?”
ಓದಿದೆ.
“ಒರೆಸಿ ಅದನ್ನ.
ನನ್ನ ಸೊಸೆ ಸುಗಂಧೀನ ಕಂಬಳಿ ಜೋಲೀಲಿ ಹೊತ್ತು ತಂದ್ರು,
ಜೀಪು ಆ ದಡದಲ್ಲಿ ದೀಪ ಹಾಕ್ಕಂಡು ನಿಂತಿತ್ತು.
ಜೋಲಿಯ ಗಳ ಉದ್ದ. ಕಂಬಕ್ಕೆ ಸಿಕ್ಕಿ
ಹಿಂದೂ ಇಲ್ಲ ಮುಂದೂ ಇಲ್ಲ.
ಮೊಮ್ಮಗಳು ಹುಟ್ಟಿದ್ದು ಇಲ್ಲೇ, ನನ್ನ ಹಂಚಿನ ಕೆಳಗೇ.
ಹುಟ್ಟಿದ್ಲು, ಸರಿ.
ಹುಟ್ಟದೇ ಇದ್ದಿದ್ರೆ?
ಚಂದ ಅಂತ ನೀವು ದಿನಾ ದಾಟ್ತೀರಾ?
ಬರೀರಿ, ಎಲ್ಲದಕ್ಕೂ ಬರೆದ ಹಾಗೇ.”

ಬರೆದೆ.
ಇಡೀ ಪಟ್ಟಿಯಲ್ಲಿ ಅದೊಂದೇ ಸುಳ್ಳು,
ಅದೊಂದನ್ನೇ ದುಂಡಗೆ ಬರೆದದ್ದು.

ಮರುವರ್ಷದ ಆಷಾಢದಲ್ಲಿ ಹೋದೆ.
ಕಾಂಕ್ರೀಟು, ಹಳದಿ ಕಪ್ಪು ಪಟ್ಟೆಯ ಕಂಬಿ,
ಜೀಪಿನ ಗಾಲಿಯ ಕೆಸರು ಎರಡು ಸಾಲು.
ಹಂಚು ಎಣಿಸಿಕೊಂಡು ಅವರವರ ಮನೆಗೆ ಹೋಗಿವೆ.
ತೊಲೆಗಳು ದಡದಲ್ಲಿ ಬಿದ್ದು
ಹುಟ್ಟಿದ ಮೇಲೆ ಮೊದಲ ಸಲ ನೆನೆಯುತ್ತಿದ್ದವು.

ಆಚೆಯಿಂದ ಕೆರಿಯಪ್ಪ ಬಂದರು.
ಸೇತುವೆಗೆ ಕಾಲಿಟ್ಟವರೇ
ಛತ್ರಿ ಮಡಚಿದರು,
ತಲೆ ತುಸು ಬಗ್ಗಿಸಿದರು,
ನಾಲ್ಕು ಹೆಜ್ಜೆ ಹಾಗೇ ಬಂದರು.

ನಾನು ಕೂಗಿ ಹೇಳಬಹುದಿತ್ತು.
ನನ್ನ ಕೈಲೂ ಛತ್ರಿ ಮಡಚಿಯೇ ಇತ್ತು.