ಕಾಲು ಇಂಚು

ದೊಡ್ಡ ದುಃಖಗಳ ಅಳತೆ ನನಗೆ ಗೊತ್ತಿಲ್ಲ.
ನನ್ನ ಟೇಪಿನ ಮೊದಲ ಇಂಚು ಸವೆದು ಅಳಿಸಿಹೋಗಿದೆ,
ಒಂದರಿಂದ ಹಿಡಿದು ಅಳೆದು
ಕೊನೆಗೆ ಒಂದು ಕಳೆಯುತ್ತೇನೆ.
ಆ ಕಳೆದ ಒಂದರಲ್ಲೇ
ನನ್ನ ದಿನದ ಸಿಟ್ಟೆಲ್ಲ ಇರುವುದು.

ಬೆಳಿಗ್ಗೆ ಎದ್ದರೆ ನಲ್ಲಿ.
ನೀರು ಬರುವ ದಿನ ಬರುವುದಿಲ್ಲ,
ಬಾರದ ದಿನ ಬಂದು
ಕೊಡ ಇಡುವಷ್ಟರಲ್ಲಿ ಗೊರಕೆ ಹೊಡೆದು ನಿಲ್ಲುತ್ತದೆ.
ಎದುರುಮನೆ ಕೊಟ್ರಯ್ಯನ ಸ್ಕೂಟರು
ದಿನವೂ ನನ್ನ ರಂಗೋಲಿಯ
ಒಂದೇ ಒಂದು ಎಸಳ ಮೇಲೆ ನಿಲ್ಲುತ್ತದೆ.
ಹೇಳಿದೆ. ಸರಿಸಿದ.
ಕಾಲು ಇಂಚು.

"ಅಷ್ಟಕ್ಕೆಲ್ಲ ಏನ್ರಿ ಅಕ್ಕ" ಅಂದ.
ಅಷ್ಟಕ್ಕೇ ಕಣಪ್ಪ.
ಇನ್ನೂ ದೊಡ್ಡದಾದರೆ ಪೊಲೀಸರಿದ್ದಾರೆ,
ಪಂಚರಿದ್ದಾರೆ, ದೇವರಿದ್ದಾನೆ.
ಅಷ್ಟಕ್ಕೆ ಯಾರಿದ್ದಾರೆ?

ದಾರ ತರಲು ಮಂಡಿಪೇಟೆಗೆ ಹೋದೆ.
ಮಾವಿನೆಲೆ ಹಸಿರು ಕೇಳಿದರೆ
ಗಿಳಿಹಸಿರು ಹಿಡಿದು
"ಒಗೆದ ಮೇಲೆ ಎಲ್ಲಾ ಒಂದೇ ಬಿಡಿ" ಎನ್ನುತ್ತಾನೆ.
ಎರಡು ರೂಪಾಯಿ ಚಿಲ್ಲರೆಗೆ ಚಾಕಲೇಟು ಕೊಡುತ್ತಾನೆ.
ಅದೇ ಚಾಕಲೇಟು ಮುಂದಿನ ವಾರ ತಿರುಗಿ ಕೊಟ್ಟರೆ
ಅಂಗೈಯಲ್ಲಿ ಹಲ್ಲಿ ಇಟ್ಟ ಹಾಗೆ ನೋಡುತ್ತಾನೆ.

ಬರುವಾಗ ರೈಲ್ವೆ ಗೇಟು ಬಿತ್ತು.
ಬೀಳದೆ ಏನು, ನಾನು ಬಂದಿದ್ದೆನಲ್ಲ.
ಹಿಂದಿನ ಬೈಕಿನವನು ಹಾರನ್ ಒತ್ತಿಯೇ ಒತ್ತುತ್ತಾನೆ,
ಕೇಳಿಸಿಕೊಂಡು ರೈಲು ಬೇಗ ಹೋದೀತೆಂದು.
ಪಕ್ಕದ ಆಟೋದಲ್ಲೊಬ್ಬ ಫೋನಿನ ಸ್ಪೀಕರ್ ಹಾಕಿ
ಭಾವಮೈದುನನ ಮೂಲವ್ಯಾಧಿಯನ್ನು
ಅಶೋಕ ರಸ್ತೆಗೆಲ್ಲ ಹಂಚುತ್ತಿದ್ದಾನೆ.
"ಈಗ ಹ್ಯಾಂಗೈತಂತ್ರಿ?" ಎಂದು
ಯಾರೋ ಕೇಳಿಯೂಬಿಟ್ಟರು.
ಗೂಡ್ಸು. ಅರವತ್ತೆರಡು ಡಬ್ಬಿ. ಎಣಿಸಿದೆ.
ಎಣಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮಿಷನ್ನಿನ ಮುಂದೆ ಕೂತರೆ
ಸೂಜಿಯ ಕಣ್ಣು ಮಂಜೋ ನನ್ನದು ಮಂಜೋ,
ದಾರ ಇಬ್ಬರನ್ನೂ ನಂಬುವುದಿಲ್ಲ.
ಬಾಬಿನ್ ಖಾಲಿಯಾದದ್ದು ಹೇಳದೆ
ಮೊಳದುದ್ದ ಬರೀ ತೂತು ಹೊಲಿದಿರುತ್ತದೆ.
ದೋಸೆ ತಿಂದ ಬೆರಳು ಈ ಊರಲ್ಲಿ ಯಾರೂ ತೊಳೆಯರೇನೋ,
ಹೊಸ ರೇಷ್ಮೆ ಖಣದ ಮೇಲೆ
ಬೆಣ್ಣೆಯ ಹೆಬ್ಬೆಟ್ಟು ಒತ್ತಿ
"ಇಲ್ಲಿ ಸ್ವಲ್ಪ ಸಡಿಲ" ಎಂದು ತೋರಿಸುತ್ತಾರೆ.

ಮಧ್ಯಾಹ್ನ
ಹರಪನಹಳ್ಳಿ ಬಸ್ಸಿಳಿದು ಉಚ್ಚೆಂಗೆವ್ವ ಬಂದಳು.
ಐದನೆಯ ಸಲ.
ನಾನು ಬಾಯಿ ತೆರೆಯುವ ಮೊದಲೇ
ಜೊತೆಗೆ ಬಂದ ಮೊಮ್ಮಗಳು,
ಮುಂದಿನ ಎರಡು ಹಲ್ಲಿಲ್ಲದ್ದು,
ಅಜ್ಜಿಯ ಸೆರಗಿನ ತುದಿ ಟೇಪಿನಂತೆ ಕೊರಳಿಗೆ ಹಾಕಿಕೊಂಡು,
ಇಲ್ಲದ ಕನ್ನಡಕದ ಮೇಲಿಂದ ನೋಡಿ
ನನ್ನದೇ ದನಿಯಲ್ಲಿ ಅಂದಿತು:
"ಹುಕ್ಕು ಒಂದೇ ಬಾಕಿ ಕಣವ್ವ, ನಾಳೆ ಬಂದ್ಬಿಡು."

ಅಜ್ಜಿ ಅದರ ಬಾಯಿ ಮುಚ್ಚಿದಳು.
"ಮನ್ಯಾಗ ದಿನಾ ಇದೇ ಆಟ ಇದರದ್ದು,
ತಪ್ಪು ತಿಳೀಬ್ಯಾಡ.
ಬಸ್ಸೇನೋ ಫ್ರೀ ಬಿಡು,
ಬಿಸಿಲಿಗೆ ಮಾತ್ರ ಟಿಕೇಟು."

ಕೂರು ಅಂದೆ.
ಮಗು ಮಂಡಕ್ಕಿ ಪೊಟ್ಟಣ ಬಿಚ್ಚಿ
ಕತ್ತರಿಸಿಟ್ಟ ಬಟ್ಟೆಯ ಮೇಲೆಲ್ಲ ಚೆಲ್ಲಿತು,
ಎಣ್ಣೆ, ಖಾರ, ಪುಟಾಣಿ.
ಏನೂ ಅನ್ನಲಿಲ್ಲ ನಾನು.
ಅಂದೆ, ಮನಸ್ಸಿನಲ್ಲಿ.
ಗಂಟು ಬಿಚ್ಚಿ ಕುಬುಸ ಹುಡುಕಿ ತೆಗೆದೆ.
ನಿಜ ಹೇಳುತ್ತೇನೆ,
ಬಾಕಿ ಇದ್ದದ್ದು ಹುಕ್ಕಲ್ಲ,
ಎರಡು ತೋಳು.

ತಲೆ ಎತ್ತದೆ ಹೊಲಿದೆ.
ಹೊರಗೆ ಕೊಟ್ರಯ್ಯನ ಸ್ಕೂಟರು ಬಂದು
ಅದೇ ಎಸಳ ಮೇಲೆ ನಿಂತಿತು.
ಕೂಗಲು ಬಾಯಿ ತೆರೆದೆ.
ಯುಗಾದಿಗೆಂದು ಅವನು ಕೊಟ್ಟ ಪ್ಯಾಂಟು
ನನ್ನ ಸ್ಟೂಲಿನ ಕೆಳಗೆ,
ಜಿಪ್ಪಿಲ್ಲದೆ, ಬಾಯಿ ಬಿಟ್ಟುಕೊಂಡು ಮಲಗಿತ್ತು.
ನನ್ನದು ಮುಚ್ಚಿದೆ.
ಎರಡನೇ ತೋಳು ತಿರುಗಿಸಿದೆ.

"ಈಗ ಹುಕ್ಕು ಒಂದೇ ಬಾಕಿನಾ?"
ಮಗು ಹತ್ತಿರ ಬಂದು ಕೇಳಿತು.
ಒಂದೇ, ಅಂದೆ.
ಡಬ್ಬಿ ತೆರೆದೆ:
ಗುಂಡಿ, ಪಿನ್ನು, ಸೀಮೆಸುಣ್ಣದ ಚೂರು,
ಮಂಡಿಪೇಟೆಯವನ ಚಾಕಲೇಟು.