ಬಾಲದ ಮೇಲೊಂದು ಮೀಸೆ

ಮೊದಲು ಬಂದದ್ದು ಸಿಗಡಿ. ಹಳೆಯ ಪತ್ರಿಕೆ ಸುತ್ತಿದ ಚೀಲದಲ್ಲಿ,
ಕುರೆಯ ಬಂದರಿನಿಂದ ನಮ್ಮ ಗುಡ್ಡದ ಮೆಟ್ಟಿಲನ್ನೆಲ್ಲ ಹತ್ತಿ.
ಅಂಗಡಿಯ ಕುರಾಮೋಚಿ ಹೇಳಿ ಕಳಿಸಿದ್ದನಂತೆ:
"ಇದಕ್ಕೆ ಕಣ್ಣು ಹೆಸರಿಗೆ ಮಾತ್ರ. ಜೊತೆಗೊಂದು ಗೋಬಿ ಮೀನು ಬಿಡಿ.
ಜೋಡಿಯಾದರೆ ಆಯಿತು, ಆಗದಿದ್ದರೆ ನನ್ನನ್ನು ಬೈಯಬೇಡಿ."
ನಮ್ಮ ಸಂಬಂಧ ಕುದುರಿಸಿದ ಮುದುಕಿಯೂ
ಹೆಚ್ಚುಕಡಿಮೆ ಇದನ್ನೇ ಅಂದಿದ್ದಳು.

ಒಂದು ಕೊಂಡಿ ಸಣ್ಣದು. ಇನ್ನೊಂದು
ಬೇರೆ ಯಾರದೋ ಎರವಲು ತಂದಂತೆ ದೊಡ್ಡದು.
ಬಂಡೆಯಡಿ ಹೋಯಿತು. ಹೋದದ್ದು ಹೋಯಿತು.
ಹತ್ತೊಂಬತ್ತು ದಿನ ಅದರ ಮೀಸೆಯೂ ಕಾಣಲಿಲ್ಲ.

ಆಮೇಲೆ ಬಂದ ಮೀನು ಹಳದಿ, ಕಿರುಬೆರಳುದ್ದ,
ಬಾಡಿಗೆ ವಸೂಲಿಗೆ ಬಂದವನ ಮುಖ.
ಮುನೆಹಾರು ಸ್ಟೂಲು ಎಳೆದು ಕೂತ.
ಮೀನು ಗಾಜಿನೊಳಗೆ, ಅವನು ಹೊರಗೆ, ಇಬ್ಬರೂ ಕಾದರು.
ನಾನು ನೀರು ಬದಲಿಸಿದೆ, ಉಪ್ಪು ಅಳೆದೆ.
ಸಮುದ್ರ ಕಿಟಕಿಯ ಕೆಳಗೇ ಇದೆ, ಹಡಗಿನ ಎಣ್ಣೆ ಹೊದ್ದು;
ನಮ್ಮ ಸಮುದ್ರ ಮಾತ್ರ
ಚೀಲದಲ್ಲಿ ಬರುತ್ತದೆ, ರಸೀದಿಯ ಸಮೇತ.

ಇಪ್ಪತ್ತನೆಯ ರಾತ್ರಿ: ಟಪ್!
ಗಾಜು ಬಿರಿಯಿತೆಂದು ಟವೆಲು ಹಿಡಿದು ಬರಿಗಾಲಲ್ಲಿ ಓಡಿದೆ.
ನೆಲ ಒಣಗಿಯೇ ಇತ್ತು. ಮತ್ತೆ, ಟಪ್!
ಅವನನ್ನು ಎಬ್ಬಿಸಿದೆ, ಕೇಳುವ ಕಿವಿಯ ಕಡೆಯಿಂದ.
ನಗುತ್ತ ಎದ್ದ. ಅಥವಾ ಎದ್ದು ನಕ್ಕ, ನೆನಪಿಲ್ಲ.

ಹದಿನೆಂಟು ವರ್ಷ ಜಲಾಂತರ್ಗಾಮಿಯ ಹೊಟ್ಟೆಯಲ್ಲಿ
ಹೆಡ್‌ಫೋನು ಕಟ್ಟಿ ಕೂತವನು ಅವನು.
ಅಲ್ಲಿ ಇವುಗಳದೇ ಸಂತೆ, ಸಾವಿರ ಸಾವಿರ,
ಟೆಂಪುರಾದ ಕಾದೆಣ್ಣೆಗೆ ಹಿಟ್ಟು ಬಿದ್ದ ಹಾಗೆ ಚಟಪಟ.
ಆ ಚಟಪಟದ ಕೆಳಗೆಲ್ಲೋ ಒಂದು ಪ್ರೊಪೆಲ್ಲರು ಇರಬಹುದು,
ಇಲ್ಲದಿರಬಹುದು.
"ಎಷ್ಟು ಬೈದಿದ್ದೇನೆ ಇವಕ್ಕೆ," ಅಂದ,
"ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ."
ಮೂರನೆಯದು ಅವನಿಗೆ ಕೇಳಲಿಲ್ಲ.
ಮಂಡಿ ಮುಟ್ಟಿ ಹೇಳಿದೆ: ಈಗ.

ಬೆಳಗಾದರೆ ಹವಳದ ತುಂಡು ಮಗುಚಿದೆ, ಮರಳಿಗೆ ಬಾಗಿಲು ಬಂದಿದೆ.
ಸಿಗಡಿ ಹೊರೆಹೊರೆಯಾಗಿ ಮರಳು ಹೊರದಬ್ಬುತ್ತಿದೆ,
ಹೊಸ್ತಿಲಲ್ಲಿ ಹಳದಿ ಮೀನು, ಅದರ ಬಾಲದ ಮೇಲೊಂದು ಮೀಸೆ,
ತೂಕವಿಲ್ಲದ್ದು, ತೆಗೆಯದೆ ಇಟ್ಟದ್ದು.

ಪಕ್ಕದ ಮನೆಯ ತೊಮೊಎ "ಕುರುಡ ಕುಂಟರ ಕತೆ" ಅಂದಳು.
ಅಲ್ಲ. ಮೀನು ಕುಂಟಲ್ಲ. ಅದಕ್ಕೆ ತೋಡಲು ಬಾರದು, ಅಷ್ಟೆ.
ಪ್ರೀತಿ ಅನ್ನಲೂ ನನಗೆ ಬಾಯಿ ಬಾರದು;
ಮೀನು ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ.
ನೋಡಿದರೆ ಕಾವಲು ಯಾರು?
ಬಾಲ ತುಸು ನಡುಗಿದರೆ ನಿಲ್ಲು. ಜೋರಾಗಿ ನಡುಗಿದರೆ ಒಳಗೆ.
ಎರಡೇ ಪದದ ಭಾಷೆ,
ಜಗಳವಾಡಲು ಅದರಲ್ಲಿ ವ್ಯಾಕರಣವಿಲ್ಲ.

ಗಾಜು ಒರೆಸಲು ನಾನು ಕೈ ಹಾಕಿದರೆ ಎರಡೂ ಮಾಯ.
ತಿನ್ನಲು ಹಾಕುವ ಕೈ, ಉಪ್ಪು ಬೆರೆಸುವ ಕೈ;
ಉಪ್ಪಿನ ಋಣ ಅಂತ ಒಂದಿದೆಯಲ್ಲ, ಇವಕ್ಕೆ ಯಾರೂ ಹೇಳಿಲ್ಲ.
ಅವುಗಳ ಲೆಕ್ಕದಲ್ಲಿ ನಾನೊಂದು ಹವಾಮಾನ.

ಕಳೆದ ತಿಂಗಳು ಸುರಂಗದ ಬಾಯಲ್ಲಿ ಖಾಲಿ ಕವಚ ಬಿದ್ದಿತ್ತು,
ಕಾಲು, ಕೊಂಡಿ, ಮೀಸೆ, ಎಲ್ಲವೂ ಇದ್ದು ಸಿಗಡಿ ಮಾತ್ರ ಇಲ್ಲ.
ಪೊರೆ ಕಳಚಿದ್ದು ಎಂದರೂ ಮುನೆಹಾರು ಊಟಕ್ಕೆ ಏಳಲಿಲ್ಲ.
ಮೀನು ಹೊಸ್ತಿಲು ಬಿಡಲಿಲ್ಲ.
ನಾಲ್ಕನೆಯ ದಿನ ಕತ್ತಲಿನಿಂದ ಒಂದು ಹೊಸ ಮೀಸೆ
ಹೊರಬಂದು, ಅತ್ತ ತಡಕಿ, ಇತ್ತ ತಡಕಿ, ಬಾಲ ಮುಟ್ಟಿತು.

ಸಂಜೆ ಸಿಗಡಿ ಒಳಗಿನಿಂದ ಕಲ್ಲೊಂದನ್ನೆಳೆದು ಬಾಗಿಲು ಹಾಕುತ್ತದೆ.
ನಾನು ದೀಪ ಆರಿಸುತ್ತೇನೆ.
"ಸಿಡಿಯಿತೇ?" ಕೇಳುತ್ತಾನೆ ಹಾಸಿಗೆಯಿಂದ, ಪ್ರತಿ ರಾತ್ರಿ.
ಮಂಡಿ ಮುಟ್ಟುತ್ತೇನೆ.
ಕೆಲವು ರಾತ್ರಿ ಸಿಡಿದಿರುವುದಿಲ್ಲ.